ಚಿಗರಿಯ ಬೇಟೆ ಮತ್ತು ಗುಂಡಿನ ಆಯ್ಕೆ: ಒಂದು ಚಾರಿತ್ರಿಕ ಅವಲೋಕನ

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಮೈಂದರ್ಗಿಯ ಕನ್ನಡ ಶಾಲೆಯ ಮಕ್ಕಳನ್ನು ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರಕ್ಕೆ ಕರೆದೊಯ್ದಿದ್ದೆವು. ಖಡ್ಗ, ಢಾಲು, ಬಂದೂಕುಗಳನ್ನು ನೋಡುತ್ತ ನಿಂತಿದ್ದ ಒಬ್ಬ ರೈತನ ಮಗ, "ಗುರುಜಿ, ಚಿಗರಿ ಹೊಡೀಲಿಕ್ಕ ಇದರಾಗ ಯಾವ ಗುಂಡು ಹಾಕ್ತಿದ್ರು?" ಎಂದು ಕೇಳಿದ. ನಮಗೆ ಉತ್ತರ ತಿಳಿದಿರಲಿಲ್ಲ. "ಅದೆಲ್ಲ ನಿನಗ್ಯಾಕ?" ಎಂದು ಗದರಿಸಿ ಮುಂದೆ ನಡೆದೆವು. ಉಪಾಧ್ಯಾಯನಾದವನು ತನ್ನ ಅಜ್ಞಾನವನ್ನು ಗದರಿಕೆಯಿಂದ ಮುಚ್ಚಬಾರದು. ನಿವೃತ್ತಿಯ ಬಳಿಕ ಆ ಪ್ರಶ್ನೆಯ ಬೆನ್ನು ಹತ್ತಿ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಬೇಟೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಜಿಂಕೆಯ ಬೇಟೆಯ ಹಲವು ವಿಧಾನಗಳು ವರ್ಣಿತವಾಗಿವೆ. ಅಂದು ಆಯ್ಕೆಯ ಪ್ರಶ್ನೆ ಬಿಲ್ಲುಬಾಣಗಳಿಗೆ ಸಂಬಂಧಿಸಿದ್ದು. ಮುಂದೆ ಬಂದೂಕು ಬಂದ ಮೇಲೆ ಅದು ಮದ್ದುಗುಂಡುಗಳ ಪ್ರಶ್ನೆಯಾಯಿತು. ನಳಿಗೆಯ ಬಾಯಿಂದ ಮದ್ದು ಸುರಿದು, ಸೀಸದ ಗುಂಡನ್ನು ಇಳಿಬಿಟ್ಟು, ಗಜದಿಂದ ಜಡಿಯುವ ಆ ಕಾಲದಲ್ಲಿ ಹೊಸಬನು ಕಲಿಯಬೇಕಾದ ಮೊದಲ ಪಾಠ ಅಳತೆಯದು. ಮದ್ದು ಕಡಿಮೆಯಾದರೆ ಗುಂಡು ಗುರಿ ಮುಟ್ಟದು. ಹೆಚ್ಚಾದರೆ ನಳಿಗೆಯೇ ಸಿಡಿದು ಹೊಡೆಯುವವನ ಜೀವಕ್ಕೆ ಎರವಾದೀತು.

ಆದರೆ ಆರಿಸಿಕೊಳ್ಳುವುದಕ್ಕೆ ಮೊದಲು ಇಟ್ಟುಕೊಳ್ಳುವ ಹಕ್ಕು ಬೇಕಲ್ಲವೆ? 1857ರಲ್ಲಿ ಕೊಬ್ಬು ಸವರಿದ ಕಾಡತೂಸಿನ ವಿಷಯವಾಗಿ ಉತ್ತರದಲ್ಲಿ ಸಿಪಾಯಿಗಳು ಸಿಡಿದೆದ್ದುದನ್ನು ಎಲ್ಲರೂ ಬಲ್ಲರು. ಅದೇ ವರ್ಷ ಕಂಪನಿ ಸರಕಾರವು ಜನರಿಂದ ಆಯುಧಗಳನ್ನು ಕಸಿಯುವ ಕಾಯಿದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಕುಲದ ಬಾಳುವೆ. ಅವರು ಒಪ್ಪಿಸಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು, ಹಲವರು ಗಲ್ಲಿಗೇರಿದರು. ಆ ಕಥೆಯನ್ನು ಹಾಡಿದ ಲಾವಣಿಯನ್ನು ಮುಂದೆ ಜಾನ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿದನೆಂಬುದು ಚರಿತ್ರೆಯ ವಿಚಿತ್ರ. 1878ರ ಶಸ್ತ್ರಕಾಯಿದೆಯಿಂದ ಪರವಾನಿಗೆಯ ಪದ್ಧತಿ ಬಿಗಿಯಾಯಿತು. ಬೇಟೆಯನ್ನೇ ನಂಬಿದವನ ಕೈ ಬರಿದಾಯಿತು. ಬೇಟೆಯನ್ನು ವಿನೋದವೆಂದು ಬಗೆದ ಸಂಸ್ಥಾನಿಕರಿಗೂ ಸಾಹೇಬರಿಗೂ ಬಗೆಬಗೆಯ ರೈಫಲ್ಲುಗಳು ದೊರೆತವು.

ಅಷ್ಟರಲ್ಲಿ ಮದ್ದು, ಗುಂಡು, ಕೇಪು ಮೂರೂ ಒಂದೇ ಹಿತ್ತಾಳೆಯ ಕೊಳವೆಯೊಳಗೆ ಅಡಗಿದ್ದವು. ಪುಣೆಯ ಬಳಿಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಸ್ಥಾಪನೆಯಾದುದು 1869ರಲ್ಲಿ. ಸೈನ್ಯದ ಪಾಯಿಂಟ್ 303 ಅಳತೆಯ ತೋಟೆಗಳು ಜನರ ಕೈ ಸೇರಬಾರದೆಂದು ಸರಕಾರವು ಅದನ್ನು ಖಾಸಗಿಯವರಿಗೆ ನಿಷೇಧಿಸಿತು. ನಮ್ಮ ದೇಶದಲ್ಲಿ ಪಾಯಿಂಟ್ 315 ಅಳತೆಯ ರೈಫಲ್ಲು ಬಳಕೆಗೆ ಬಂದುದಕ್ಕೆ ಇದೇ ಕಾರಣ. ಗುಂಡಿನ ಆಯ್ಕೆಯಲ್ಲಿ ಬೇಟೆಗಾರನ ಇಷ್ಟಕ್ಕಿಂತ ಸರಕಾರದ ಭಯವೇ ದೊಡ್ಡದಾಗಿತ್ತು.

ಇನ್ನು ಬಾಲಕನ ಪ್ರಶ್ನೆಗೆ ನೇರವಾದ ಉತ್ತರ. ಚಿಗರಿಯ ಗಂಡು ತೂಗುವುದು ನಲವತ್ತು ಕಿಲೋ ಆಸುಪಾಸು. ಅದು ನಮ್ಮ ಎರೆಯ ಬಯಲಿನಲ್ಲಿ ಮರೆಯಿಲ್ಲದೆ ಮೇಯುತ್ತದೆ, ದೂರದಿಂದಲೇ ಮನುಷ್ಯನನ್ನು ಕಂಡು ಓಡುತ್ತದೆ. ಆದುದರಿಂದ ಕಾಡುಕೋಣಕ್ಕೆ ಬೇಕಾದ ಭಾರದ ಗುಂಡು ಇದಕ್ಕೆ ಸಲ್ಲದು. ದೂರದವರೆಗೆ ಬಾಗದೆ ಹೋಗುವ, ಹಗುರವಾದ, ವೇಗದ ಗುಂಡು ಬೇಕು. ಚರೆ ತುಂಬಿದ ತೋಟೆ ದೂರದಿಂದ ಪ್ರಾಣಿಯನ್ನು ಗಾಯಗೊಳಿಸುತ್ತದೆಯೇ ಹೊರತು ಕೆಡವುವುದಿಲ್ಲ. ಪೂರ್ತಿ ಲೋಹದ ಹೊದಿಕೆಯ ಗುಂಡು ಮೈಯನ್ನು ತೂರಿ ಆಚೆ ಹೋಗುವುದರಿಂದ ಪ್ರಾಣಿಯು ಮೈಲುಗಟ್ಟಲೆ ಓಡಿ ನರಳಿ ಸಾಯುತ್ತದೆ. ತುದಿಯಲ್ಲಿ ಸೀಸ ತೆರೆದಿರುವ ಗುಂಡಾದರೆ ಒಳಗೆ ಅರಳಿ ಕೂಡಲೇ ಕೆಡವುತ್ತದೆ. ಕಲಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ 1890ರ ದಶಕದಲ್ಲಿ ತಯಾರಾದ ಇಂಥ ಗುಂಡನ್ನು ಕ್ರೂರವೆಂದು ಬಗೆದು, 1899ರ ಹೇಗ್ ಸಮ್ಮೇಳನವು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಮನುಷ್ಯನ ಪಾಲಿಗೆ ಕ್ರೂರವೆನಿಸಿದ್ದೇ ಮೃಗದ ಪಾಲಿಗೆ ದಯೆಯೆನಿಸಿತು! ಒಳ್ಳೆಯ ಬೇಟೆಗಾರನ ಕಟ್ಟಳೆ ಒಂದೇ: ನರಳಿಸಬಾರದು, ಖಚಿತವಿಲ್ಲದಿದ್ದರೆ ಹೊಡೆಯಬಾರದು.

ಆದರೂ ದಯೆಯ ಗುಂಡೂ ಕೊಲ್ಲುವ ಗುಂಡೇ. ಕೊಲ್ಹಾಪುರದ ಸಂಸ್ಥಾನಿಕರು ಯಾವ ಚಿರತೆಗಳನ್ನು ಪಳಗಿಸಿ ಚಿಗರಿಯ ಮೇಲೆ ಬಿಡುತ್ತಿದ್ದರೋ ಆ ಚೀತಾ ಜಾತಿಯು ನಮ್ಮ ದೇಶದಿಂದ ಅಳಿದುಹೋಯಿತೆಂದು 1952ರಲ್ಲಿ ಸಾರಲಾಯಿತು. ಚಿಗರಿಗೂ ಅದೇ ಗತಿ ಬರುವ ಮೊದಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಇಂದು ಕೃಷ್ಣಮೃಗವನ್ನು ಕೊಂದವನಿಗೆ ಮೂರರಿಂದ ಏಳು ವರ್ಷ ಸೆರೆವಾಸ. ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ 1979ರಲ್ಲಿ ಮಾಳಢೋಕ ಪಕ್ಷಿಗಾಗಿ ಆದ ಅಭಯಾರಣ್ಯದಲ್ಲಿ ಚಿಗರಿಗಳೂ ನಿರ್ಭಯವಾಗಿ ಮೇಯುತ್ತಿವೆ.

ರೈತನ ಕಷ್ಟ ನಮಗೆ ತಿಳಿಯದ್ದಲ್ಲ. ಕಡಲೆಯ ಎಳೆ ಪೈರಿಗೆ ಹಿಂಡು ಬಿದ್ದರೆ ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ಮಣ್ಣುಪಾಲು. ಅದಕ್ಕೆ ಸರಕಾರದ ಪರಿಹಾರವಿದೆ. ಅದು ವೇಳೆಗೆ ಸರಿಯಾಗಿ ರೈತನ ಕೈ ಸೇರಬೇಕು. ಕಾಡಿನ ಜೀವವನ್ನು ಉಳಿಸುವ ಭಾರವನ್ನು ಬಡ ರೈತನೊಬ್ಬನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ.

ಅಂದು ಪ್ರಶ್ನೆ ಕೇಳಿದ ಬಾಲಕ ಈಗ ಎಲ್ಲಿರುವನೋ ಅರಿಯೆವು. ಈ ಸಂಚಿಕೆ ಅವನ ಕೈಗೆ ಬಂದರೆ ನಮ್ಮ ತಡವಾದ ಉತ್ತರ ಇದು: ಮಗೂ, ಅಂದು ಹಗುರ ಗುಂಡು ಹಾಕುತ್ತಿದ್ದರು, ಇಂದು ಯಾವ ಗುಂಡನ್ನೂ ಹಾಕುವುದಿಲ್ಲ. ಗದರಿಸಿದ್ದಕ್ಕೆ ನಮ್ಮನ್ನು ಕ್ಷಮಿಸು.