ಮತೇರಾದ ಕಲ್ಲುಮನೆಗಳು

"ನಮ್ಮ ಅಜ್ಜಿ ಹುಟ್ಟಿದಾಗಲೂ ಇಲ್ಲಿ ಜನ ಇದ್ದರಾ?" ಎಂದು ಮಗಳು ಕೇಳಿದಳು. ಈ ವರ್ಷ ನಮ್ಮ ಕನ್ನಡ ಶಾಲೆಯಿಂದ ತೇರ್ಗಡೆಯಾಗಿ ಹೊರಡುತ್ತಿರುವ ಮಕ್ಕಳಲ್ಲಿ ಅವಳೂ ಒಬ್ಬಳು. ನಾವು ನಿಂತಿದ್ದದ್ದು ದಕ್ಷಿಣ ಇಟಲಿಯ ಮತೇರಾ ಊರಿನ ಒಂದು ಗುಹೆಮನೆಯೊಳಗೆ. ಅದೀಗ ವಸ್ತುಸಂಗ್ರಹಾಲಯ. ಇದ್ದರು ಎಂದೆ. ಅಜ್ಜಿ ಹುಟ್ಟಿದ್ದು 1948ರಲ್ಲಿ. ಆಗ ಇಂಥ ಮನೆಗಳಲ್ಲಿ ಸುಮಾರು 15,000 ಜನ ಸಂಸಾರ ಹೂಡಿದ್ದರು. "ಮತ್ತೆ ಯಾಕೆ ಹೋದರು?" ಎಂಬುದು ಅವಳ ಮುಂದಿನ ಪ್ರಶ್ನೆ. ಅದಕ್ಕೆ ಅಲ್ಲೇ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಊರಿಗೆ ಮರಳಿದ ಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಇಟಲಿಯ ನಕ್ಷೆಯನ್ನು ಬೂಟಿಗೆ ಹೋಲಿಸುತ್ತಾರಲ್ಲ, ಆ ಬೂಟಿನ ಹಿಮ್ಮಡಿಗೂ ಮುಂಗಾಲಿಗೂ ನಡುವಿನ ಕಮಾನಿನಂಥ ಭಾಗವೇ ಬಾಸಿಲಿಕಾತಾ ಪ್ರಾಂತ್ಯ. ಬಾರಿ ನಗರದಿಂದ ನ್ಯಾರೋ ಗೇಜ್ ರೈಲು ಆಲಿವ್ ತೋಪುಗಳ ನಡುವೆ ನಿಧಾನವಾಗಿ ಸಾಗಿ ಮತೇರಾ ತಲುಪುತ್ತದೆ. ನಿಲ್ದಾಣದ ಸುತ್ತ ಎಲ್ಲ ಊರುಗಳಂತೆಯೇ ಸಾಧಾರಣ ಬೀದಿಗಳು. ಹತ್ತು ನಿಮಿಷ ನಡೆದು ಒಂದು ಕಟಕಟೆಯ ಬಳಿ ನಿಂತರೆ ಕಾಲ ಕೆಳಗೆ ಇಡೀ ಹಳೆಯ ಊರು ಕಾಣುತ್ತದೆ. ಗ್ರವೀನಾ ಎಂಬ ಆಳವಾದ ಕಮರಿಯ ಅಂಚಿನಲ್ಲಿ, ತಿಳಿಹಳದಿ ಕಲ್ಲಿನ ಮನೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಿವೆ. ಈ ಕೇರಿಗಳಿಗೆ ಸಾಸ್ಸಿ ಎಂದು ಹೆಸರು. ಕಲ್ಲುಗಳು ಎಂದಷ್ಟೇ ಅದರ ಅರ್ಥ. ಕಾವೆಯೋಸೊ, ಬಾರಿಸಾನೊ ಎಂದು ಎರಡು ಕೇರಿ. ನಡುವಿನ ದಿಬ್ಬದ ಮೇಲೆ 13ನೇ ಶತಮಾನದ ದೊಡ್ಡ ಚರ್ಚು.

ಗುಹೆ ಎಂದರೆ ನಮಗೆ ನೆನಪಾಗುವುದು ಬಾದಾಮಿ, ಅಜಂತಾ. ಅಲ್ಲಿದ್ದವರು ದೇವರು, ಭಿಕ್ಷುಗಳು. ಮತೇರಾದ ಸುತ್ತಲೂ ಬಂಡೆ ಕೊರೆದು ಮಾಡಿದ ಚರ್ಚುಗಳು 150ಕ್ಕೂ ಹೆಚ್ಚಿವೆ, ಸನ್ಯಾಸಿಗಳೂ ಇದ್ದರು. ಆದರೆ ಸಾಸ್ಸಿಯಲ್ಲಿ ಇದ್ದವರು ಹೆಚ್ಚಾಗಿ ಹೊಲಕ್ಕೆ ಹೋಗಿಬರುವ ರೈತರು, ಕೂಲಿಗಳು. ಈ ಪ್ರದೇಶದಲ್ಲಿ ನವಶಿಲಾಯುಗದಿಂದಲೂ ಮನುಷ್ಯರು ನೆಲೆಸಿದ ಕುರುಹುಗಳಿವೆ. ಇಲ್ಲಿನ ಕಲ್ಲು ಮೆದು, ಪಿಕಾಸಿಗೆ ಸಿಗುವಂಥದ್ದು. ಒಳಗೆ ಕೊರೆದ ಕಲ್ಲನ್ನೇ ಚೌಕವಾಗಿ ಕತ್ತರಿಸಿ ಮುಂದಿನ ಗೋಡೆ ಕಟ್ಟುತ್ತಿದ್ದರು. ಹೀಗಾಗಿ ಹೊರಗಿನಿಂದ ನೋಡಿದರೆ ಮನೆ, ಒಳಗೆ ಹೋದರೆ ಗುಹೆ. ಒಬ್ಬರ ಮಾಳಿಗೆ ಇನ್ನೊಬ್ಬರ ಬೀದಿ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ನೀರಿನ ವ್ಯವಸ್ಥೆ. ಕಮರಿಯ ತಳದಲ್ಲಿ ಹೊಳೆ ಇದೆ, ಆದರೆ ಅಲ್ಲಿಂದ ನೀರು ಹೊತ್ತು ತರುವುದು ಸಾಧ್ಯವಿಲ್ಲದ ಮಾತು. ಆದ್ದರಿಂದ ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಕಾಲುವೆಗಳಲ್ಲಿ ಹಿಡಿದು, ಬಂಡೆಯೊಳಗೆ ಕೊರೆದ ತೊಟ್ಟಿಗಳಿಗೆ ಹರಿಸಿದರು. ಚಳಿಗಾಲದ ಹಿಮವನ್ನೂ ಗುಂಡಿಗಳಲ್ಲಿ ತುಂಬಿಡುತ್ತಿದ್ದರು. ಊರ ಚೌಕದ ಅಡಿಯಲ್ಲಿ ಪಲೊಂಬಾರೊ ಲುಂಗೊ ಎಂಬ ದೊಡ್ಡ ತೊಟ್ಟಿಯಿದೆ. ಸುಮಾರು 50 ಲಕ್ಷ ಲೀಟರ್ ಹಿಡಿಯುತ್ತದೆ. ಗೋಡೆಗೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ ಮೆತ್ತಿದ್ದಾರೆ. ನಮ್ಮ ಕನ್ನಂಬಾಡಿ ಕಟ್ಟೆಯ ಸುರ್ಕಿ ಗಾರೆಯ ನೆಂಟನೇ ಅದು. ಕೊಳಾಯಿ ನೀರು ಬಂದ ಮೇಲೆ ಊರವರಿಗೆ ಈ ತೊಟ್ಟಿ ಮರೆತೇಹೋಗಿತ್ತು; 1991ರಲ್ಲಿ ಮತ್ತೆ ಸಿಕ್ಕಿತು.

ತೊಟ್ಟಿಯ ಸುತ್ತ ಒಂದು ಅಂಗಳ, ಅಂಗಳದ ಸುತ್ತ ಹತ್ತಾರು ಮನೆ. ಇದನ್ನು ವಿಚಿನಾತೊ ಎನ್ನುತ್ತಿದ್ದರು. ನಮ್ಮ ವಠಾರ ಎಂದುಕೊಳ್ಳಿ. ಬಟ್ಟೆ ಒಗೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು, ಜಗಳ, ರಾಜಿ ಎಲ್ಲ ಅಲ್ಲಿಯೇ. ಹಿಟ್ಟು ಕಲಸಿ ಊರಿನ ಒಲೆಗೆ ಕಳಿಸುವಾಗ ಬ್ರೆಡ್ಡು ಅದಲುಬದಲಾಗದಂತೆ ಪ್ರತಿ ಮನೆಯವರೂ ತಮ್ಮ ಮರದ ಅಚ್ಚು ಒತ್ತುತ್ತಿದ್ದರು.

ಇಷ್ಟು ಅಚ್ಚುಕಟ್ಟಾಗಿದ್ದ ಊರು ಕೆಟ್ಟದ್ದು ಹೇಗೆ? ಗುಹೆ ಎಂಬ ಕಾರಣಕ್ಕಲ್ಲ. 1663ರಿಂದ ಮತೇರಾ ಪ್ರಾಂತ್ಯದ ರಾಜಧಾನಿಯಾಗಿತ್ತು. 1806ರಲ್ಲಿ ಆ ಪಟ್ಟ ಪೊತೆಂತ್ಸಾ ನಗರಕ್ಕೆ ಹೋಯಿತು. ಜನಸಂಖ್ಯೆ ಮಾತ್ರ ಏರುತ್ತಲೇ ಇತ್ತು. ಭೂಮಿಯಿಲ್ಲದ ಬಡವರು ಕೊಟ್ಟಿಗೆಗಳಲ್ಲಿ, ಕೊನೆಗೆ ಬತ್ತಿಸಿದ ನೀರಿನ ತೊಟ್ಟಿಗಳಲ್ಲೂ ಸಂಸಾರ ಹೂಡಿದರು. ನೀರಿಗಾಗಿ ಮಾಡಿದ ಜಾಗದಲ್ಲಿ ಮನುಷ್ಯರು ವಾಸ ಮಾಡಿದರೆ ಗಾಳಿ ಎಲ್ಲಿಂದ ಬರಬೇಕು? ನಾವು ನೋಡಿದ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಎತ್ತರದ ಮಂಚ, ಅದರ ಕೆಳಗೆ ಕೋಳಿಗಳು, ಹಿಂದುಗಡೆ ಹೇಸರಗತ್ತೆ. ಕೂಸನ್ನು ಬಟ್ಟೆಪೆಟ್ಟಿಗೆಯ ಖಾನೆಯಲ್ಲಿ ಮಲಗಿಸುತ್ತಿದ್ದರಂತೆ.

ಮುಸೊಲಿನಿಯ ಸರ್ಕಾರ 1935ರಲ್ಲಿ ಈ ಸೀಮೆಗೆ ಗಡೀಪಾರು ಮಾಡಿದ ಕಾರ್ಲೊ ಲೇವಿ ವೈದ್ಯ, ಚಿತ್ರಕಾರ, ಲೇಖಕ. 1945ರಲ್ಲಿ ಬಂದ 'ಕ್ರಿಸ್ತ ಎಬೋಲಿಯಲ್ಲೇ ನಿಂತ' ಎಂಬ ಅವರ ಪುಸ್ತಕದಲ್ಲಿ, ತಾವು ಮತೇರಾದಲ್ಲಿ ಕಂಡದ್ದನ್ನು ಅವರ ಅಕ್ಕ ವಿವರಿಸುವ ಭಾಗವಿದೆ. ಕಣ್ಣುಬೇನೆ, ಮಲೇರಿಯಾದಿಂದ ಸೊರಗಿದ ಮಕ್ಕಳು ಆಕೆಯ ಹಿಂದೆ ಬಿದ್ದು ಬೇಡಿದ್ದು ಕಾಸನ್ನಲ್ಲ, ಕ್ವಿನೈನ್ ಮಾತ್ರೆಯನ್ನು. ಮಲೆನಾಡಿನ ಹಳಬರ ಬಾಯಲ್ಲಿ ಚಳಿಜ್ವರದ ಕಥೆ ಕೇಳಿ ಬೆಳೆದ ನನಗೆ ಆ ಪುಟ ದಾಟಿ ಮುಂದೆ ಹೋಗಲು ಹೊತ್ತು ಹಿಡಿಯಿತು.

ಪುಸ್ತಕ ದೇಶವನ್ನು ಕಲಕಿತು. 1948ರಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿ ಸಾಸ್ಸಿಯನ್ನು ರಾಷ್ಟ್ರದ ನಾಚಿಕೆ ಎಂದರು. 1950ರಲ್ಲಿ ಪ್ರಧಾನಿ ದೆ ಗಾಸ್ಪೆರಿ ಬಂದು ನೋಡಿದರು. 1952ರಲ್ಲಿ ವಿಶೇಷ ಕಾಯಿದೆಯೇ ಬಂತು: ಎಲ್ಲರೂ ಹೊಸ ಬಡಾವಣೆಗಳಿಗೆ ಹೋಗಬೇಕು. ಬರೀ ಅಧಿಕಾರಿಗಳ ದರ್ಪದ ಕೆಲಸ ಅದಾಗಿರಲಿಲ್ಲ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳುತ್ತಿದ್ದ ಫ್ರೀಡ್ಮನ್ ಎಂಬ ತತ್ತ್ವಶಾಸ್ತ್ರದ ಅಧ್ಯಾಪಕರು ಬಂದು ಜನಜೀವನವನ್ನು ಅಧ್ಯಯನ ಮಾಡಿದರು. ಟೈಪ್‌ರೈಟರ್ ಉದ್ಯಮಿ ಆದ್ರಿಯಾನೊ ಒಲಿವೆತ್ತಿ ಬೆಂಬಲಕ್ಕೆ ನಿಂತರು. ವಾಸ್ತುಶಿಲ್ಪಿ ಕ್ವಾರೋನಿ ಮತ್ತು ಸಂಗಡಿಗರು ಲಾ ಮಾರ್ತೆಲ್ಲಾ ಎಂಬ ಹೊಸ ಹಳ್ಳಿಯನ್ನು ಯೋಜಿಸಿ, ಮನೆಗೆ ಅಂಟಿದಂತೆ ಕೊಟ್ಟಿಗೆಯನ್ನೂ ಇಟ್ಟರು. 1953ರಲ್ಲಿ ಮೊದಲ ಕುಟುಂಬಗಳು ಅಲ್ಲಿಗೆ ಹೋದವು. ವಿಚಿನಾತೊ ಮಾತ್ರ ಹಾಗೆ ಎತ್ತಿಕೊಂಡು ಹೋಗುವ ವಸ್ತುವಾಗಿರಲಿಲ್ಲ.

ಸರ್ಕಾರ ಮಾಡಿದ್ದು ತಪ್ಪೇ? ಹಾಗೆನ್ನಲು ನನಗೆ ಧೈರ್ಯವಿಲ್ಲ. ಕ್ವಿನೈನ್ ಬೇಡುವ ಮಕ್ಕಳ ಮುಂದೆ ವಠಾರದ ಸೊಗಸನ್ನು ಹೊಗಳುವುದು ಪ್ರವಾಸಿಗನಿಗೆ ಮಾತ್ರ ಸುಲಭ. ಆದರೆ ಆ 'ನಾಚಿಕೆ' ಎಂಬ ಮಾತು ಕಾಡುತ್ತದೆ. ಅದು ಆಳುವವರ ನಾಚಿಕೆಯಾಗಬೇಕಿತ್ತು. ತಲೆ ತಗ್ಗಿಸಿದವರು ಅಲ್ಲಿ ವಾಸವಿದ್ದವರು.

ಖಾಲಿಯಾದ ಮನೆಗಳು ಸರ್ಕಾರದ ಸ್ವತ್ತಾದವು. ಯಾರೂ ಮರಳದಂತೆ ಎಷ್ಟೋ ಬಾಗಿಲುಗಳಿಗೆ ಕಲ್ಲು ಕಟ್ಟಿ ಮುಚ್ಚಿದರು. 1964ರಲ್ಲಿ ಪಸೊಲಿನಿ ತಮ್ಮ ಏಸುವಿನ ಚಿತ್ರಕ್ಕೆ ಈ ಪಾಳುಬಿದ್ದ ಊರನ್ನೇ ಜೆರುಸಲೇಮ್ ಮಾಡಿಕೊಂಡರು. 1986ರಲ್ಲಿ ಇನ್ನೊಂದು ಕಾಯಿದೆ ಬಂತು, ಈ ಸಲ ಮನೆಗಳನ್ನು ದುರಸ್ತಿ ಮಾಡಿ ಜನರನ್ನು ಮರಳಿ ಕರೆತರಲು. 1993ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ, 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯ ಗೌರವ. ಸಾಸ್ಸಿಯ ಬಹುಭಾಗ ಇಂದಿಗೂ ಸರ್ಕಾರದ್ದೇ. ಗುತ್ತಿಗೆಗೆ ಪಡೆದವರು ಹೋಟೆಲು, ಊಟದ ಮನೆ ನಡೆಸುತ್ತಾರೆ.

ನಾವು ಉಳಿದದ್ದೂ ಅಂಥದೊಂದು ಗುಹೆಯಲ್ಲಿಯೇ. ಬೆಳಗಿನ ತಿಂಡಿ ತಂದುಕೊಡುತ್ತಿದ್ದ ಹೆಂಗಸಿನ ತಾಯಿ ಹುಟ್ಟಿದ್ದು ಸಾಸ್ಸಿಯಲ್ಲಿ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಬೇರೆ ಬೀದಿಯ ಹೆಸರು ಹೇಳುತ್ತಿದ್ದರಂತೆ. ಈಗ ಎಂಬತ್ತು ದಾಟಿದೆ, ಮೇಲಿನ ಊರಿನಲ್ಲಿ ಇದ್ದಾರೆ. ಆ ಮ್ಯೂಸಿಯಂ ಮನೆಗೆ ಅವರು ಹೋಗಿದ್ದಾರಾ ಎಂದು ಮಗಳು ಕೇಳಿದಳು. ಒಂದೇ ಸಲ ಕರೆದುಕೊಂಡು ಹೋಗಿದ್ದೆ ಎಂದರು ಆಕೆ. ಸುತ್ತ ನೋಡಿ, ಮಂಚ ಮುಟ್ಟಿ, "ನಮ್ಮದು ಇದಕ್ಕಿಂತ ಎತ್ತರ ಇತ್ತು" ಎಂದಷ್ಟೇ ಹೇಳಿ ಹೊರಗೆ ಬಂದರಂತೆ.