ಮನೆಗಣಕವೂ ಕಿತ್ತೂರಿನ ಟೆಲಿಫೋನೂ

ಗಣಕಯಂತ್ರ ಮನೆಯೊಳಗೆ ಕಾಲಿಟ್ಟ ಮೊದಲ ವರುಷಗಳಲ್ಲಿ ಅದಕ್ಕೆ ಬೇಕಾದ ವಿದ್ಯೆಯೆಲ್ಲ ಧ್ವನಿಯ ರೂಪದಲ್ಲಿಯೇ ಬರುತ್ತಿತ್ತೆಂಬುದನ್ನು ಇಂದು ಬಹಳ ಜನ ಮರೆತಿದ್ದಾರೆ. ಗಣಕಕ್ಕೆ ತಂತ್ರಾಂಶವೇ ಪ್ರಾಣ. ಅದಿಲ್ಲದಿದ್ದರೆ ಅದು ಬರಿಯ ಪೆಟ್ಟಿಗೆ. 1982ರ ಏಪ್ರಿಲಿನಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಸಂಸ್ಥೆಯವರು ಹೊರತಂದ ಸ್ಪೆಕ್ಟ್ರಮ್ ಎಂಬ ಪುಟ್ಟ ಮನೆಗಣಕವನ್ನೇ ತೆಗೆದುಕೊಳ್ಳೋಣ. ಕಪ್ಪು ಪೆಟ್ಟಿಗೆ, ಮೇಲೆ ರಬ್ಬರಿನ ಗುಂಡಿಗಳು. ಮನೆಯ ಟೆಲಿವಿಜನ್ನೇ ಅದರ ಪರದೆ. ತಂತ್ರಾಂಶವನ್ನು ಅದರೊಳಗೆ ಸೇರಿಸುವ ಸಾಧನವೆಂದರೆ ನಾವು ಹಾಡು ಕೇಳುವ ಸಾಧಾರಣ ಕ್ಯಾಸೆಟ್ ಟೇಪ್ ರೆಕಾರ್ಡರು.

ಟೇಪಿನ ಧ್ವನಿಯನ್ನು ಒಂದು ತಂತಿಯಿಂದ ಯಂತ್ರದ ಕಿವಿಗೆ ಕೂಡಿಸಿ, ‘ಲೋಡ್’ ಎಂಬ ಅಪ್ಪಣೆ ಕೊಟ್ಟು, ಟೇಪನ್ನು ಓಡಿಸಬೇಕು. ಮೊದಲು ಒಂದೇ ಶ್ರುತಿಯ ದೀರ್ಘವಾದ ಕೂಗು. ಆ ಬಳಿಕ ಕರ್ಕಶವಾದ ಗರಗರ. ಕೇಳುವವರಿಗೆ ಅದು ಗದ್ದಲ, ಯಂತ್ರಕ್ಕೆ ಅದೇ ಪಾಠ. ಸೊನ್ನೆಗೆ ಗಿಡ್ಡ ಮಿಡಿತ, ಒಂದಕ್ಕೆ ಅದರ ಎರಡರಷ್ಟು ಉದ್ದದ ಮಿಡಿತ. ಸೆಕೆಂಡಿಗೆ ಸರಾಸರಿ 1,500 ಅಂಕೆಗಳ ವೇಗ. ಯಂತ್ರದ 48 ಕಿಲೋಬೈಟು ಸ್ಮರಣೆ ತುಂಬಲು ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಓಡುತ್ತಿದ್ದವು. ಧ್ವನಿ ತುಸು ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು. ಟೇಪಿನ ತಲೆ ಕೂದಲೆಳೆಯಷ್ಟು ಓರೆಯಾಗಿದ್ದರೆ ಸ್ಕ್ರೂಡ್ರೈವರು ಹಿಡಿದು ನೆಟ್ಟಗೆ ಮಾಡಬೇಕು. ನಾಲ್ಕನೆಯ ನಿಮಿಷದಲ್ಲಿ ಒಂದು ಅಂಕೆ ಕೆಟ್ಟರೂ ಎಲ್ಲವನ್ನೂ ಮತ್ತೆ ಮೊದಲಿನಿಂದ ಆರಂಭಿಸಬೇಕು.

ತಂತ್ರಾಂಶವು ಧ್ವನಿಯೇ ಆಗಿದ್ದರೆ ಅದನ್ನು ಬಾನುಲಿಯಲ್ಲಿ ಬಿತ್ತರಿಸಲು ಅಡ್ಡಿಯೇನು? ಯೂರೋಪಿನಲ್ಲಿ ಹಾಗೆ ಮಾಡಿಯೂ ತೋರಿಸಿದರು. ಹಾಲೆಂಡಿನ ಎನ್‌ಓಎಸ್ ಸಂಸ್ಥೆಯು ‘ಹಾಬಿಸ್ಕೂಪ್’ ಎಂಬ ಕಾರ್ಯಕ್ರಮದಲ್ಲಿ ತಂತ್ರಾಂಶಗಳನ್ನು ಬಿತ್ತರಿಸಿತು. ಒಂದೊಂದು ಕಂಪನಿಯ ಗಣಕಕ್ಕೂ ಒಂದೊಂದು ಭಾಷೆ ಇದ್ದುದರಿಂದ ಎಲ್ಲಕ್ಕೂ ಒಪ್ಪುವ ‘ಬೇಸಿಕೋಡ್’ ಎಂಬ ಸಾಮಾನ್ಯ ಲಿಪಿಯೊಂದನ್ನೂ ಅಲ್ಲಿ ರೂಢಿಗೆ ತಂದರು. ಬೆಲ್‌ಗ್ರೇಡಿನಲ್ಲಿ 1983ರ ಸುಮಾರಿಗೆ ‘ವೆಂಟಿಲೇಟರ್ 202’ ಎಂಬ ಕಾರ್ಯಕ್ರಮದ ನಿರೂಪಕ ಜೋರಾನ್ ಮೋದ್ಲಿ, ಕೇಳುಗರಿಗೆ ಟೇಪ್ ರೆಕಾರ್ಡರು ಸಿದ್ಧಮಾಡಿಕೊಳ್ಳಲು ಹೇಳಿ ಈ ಗರಗರ ಸದ್ದನ್ನು ಗಾಳಿಗೆ ಬಿಡುತ್ತಿದ್ದರು. ಧಾರವಾಡದ ಬಾನುಲಿ ಕೇಂದ್ರ 1950ರಲ್ಲಿ ಆರಂಭವಾದಂದಿನಿಂದ ನಮ್ಮ ಕಡೆಯ ಮನೆಗಳಿಗೆ ಹಾಡು, ಸುದ್ದಿ, ಹೊಲಮನೆಯ ಮಾತು ಗಾಳಿಯಲ್ಲಿ ಬಂದಂತೆ, ಅಲ್ಲಿಯ ಮನೆಗಳಿಗೆ ಲೆಕ್ಕ, ಆಟ, ಪಾಠಗಳು ಬಂದವು. ಪುಕ್ಕಟೆಯಾಗಿಯೇ ಬಂದವೆನ್ನಿ.

ನಮ್ಮ ದೇಶದಲ್ಲಿ ಇಂಥ ಯಂತ್ರಗಳು ವಿರಳ. 1984ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಯೋಜನೆಯನ್ನು ಆರಂಭಿಸಿ ಸುಮಾರು 250 ಶಾಲೆಗಳಲ್ಲಿ ಬಿಬಿಸಿ ಮೈಕ್ರೊ ಎಂಬ ಬ್ರಿಟಿಷ್ ಗಣಕವನ್ನು ಇರಿಸಿತು. ಆ ದಶಕದ ಕೊನೆಗೆ ಪುಣೆಯ ಡೆಸಿಬೆಲ್ಸ್ ಸಂಸ್ಥೆ ಸ್ಪೆಕ್ಟ್ರಮನ್ನು ‘ಡಿಬಿ ಸ್ಪೆಕ್ಟ್ರಮ್’ ಎಂಬ ಹೆಸರಿನಿಂದ ಮಾರಿತು. ಬೆಳಗಾವಿ ಸೀಮೆಯವರಿಗೆ ಪುಣೆ ದೂರವೇನಲ್ಲ. ಆದರೆ ಆ ಯಂತ್ರಕ್ಕೆ ಕನ್ನಡವೇ ಬರುತ್ತಿರಲಿಲ್ಲ. ಬಳಸುವವರು ತಮಗೆ ಬೇಕಾದ ಆಕಾರಗಳನ್ನು ಬರೆದುಕೊಳ್ಳಲೆಂದು ಅದರಲ್ಲಿ 21 ಮನೆಗಳನ್ನು ಖಾಲಿ ಬಿಟ್ಟಿದ್ದರು. ಒಂದೊಂದು ಮನೆ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರ. ನಮ್ಮ ವರ್ಣಮಾಲೆಯೇ 49. ಕಾಗುಣಿತ, ಒತ್ತಕ್ಷರಗಳನ್ನು ಎಣಿಸುವುದೇ ಬೇಡ. ‘ಕ್ಷ್ಮೀ’ ಎಂಬುದನ್ನು ಎಂಟು ಚುಕ್ಕೆಯಲ್ಲಿ ಕೂರಿಸಬಲ್ಲ ಚಿತ್ರಕಾರ ಹುಟ್ಟಿರಲಾರ.

ಇನ್ನು ಗಣಕವನ್ನು ಹೊರಗಿನ ಜಾಲಕ್ಕೆ ಕೂಡಿಸುವ ಮಾತು. ಅದಕ್ಕೂ ಧ್ವನಿಯೇ ಗತಿ. ಟೇಪಿನ ಸ್ಥಾನದಲ್ಲಿ ಟೆಲಿಫೋನು, ಅಷ್ಟೆ. ನಡುವೆ ಮೋಡೆಮ್ ಎಂಬ ದುಭಾಷಿ. ಹಳೆಯ ಬಗೆಯಲ್ಲಿ ಟೆಲಿಫೋನಿನ ಕೈಹಿಡಿಯನ್ನು ಎತ್ತಿ ಎರಡು ರಬ್ಬರು ಬಟ್ಟಲುಗಳ ಮೇಲೆ ಮಲಗಿಸುತ್ತಿದ್ದರು. ಕರೆದವರ ಕಡೆಯಿಂದ ಒಂದಕ್ಕೆ ಸೆಕೆಂಡಿಗೆ 980 ಕಂಪನಗಳ ಸ್ವರ, ಸೊನ್ನೆಗೆ 1,180 ಕಂಪನಗಳ ಸ್ವರ. ಸೆಕೆಂಡಿಗೆ 300 ಅಂಕೆಗಳು, ಅಂದರೆ ಸುಮಾರು 30 ಅಕ್ಷರಗಳು. ಆದರೂ ಮನೆಯಿಂದ ಮನೆಗೆ ಪತ್ರ ಕಳಿಸಲು ಅದು ಸಾಕಾಗಿತ್ತು.

ಹೀಗಿರಲು, ರಾಮದುರ್ಗ ತಾಲೂಕಿನ ಕಟಕೋಳದಂಥ ಊರಿನಲ್ಲಿ 1985ರಲ್ಲಿ ಒಬ್ಬ ಹುರುಪಿನ ಮಾಸ್ತರರು ಇಂಥದೊಂದು ಗಣಕವನ್ನು ಕೊಂಡು ತಂದರೆಂದು ಊಹಿಸೋಣ. ಕ್ಯಾಸೆಟ್ಟಿನಿಂದ ತಂತ್ರಾಂಶ ತುಂಬಿಕೊಳ್ಳಲು ಅವರಿಗೆ ಕರೆಂಟು ಒಂದಿದ್ದರೆ ಸಾಕು. ಜಾಲಕ್ಕೆ ಕೂಡಲು ಹೊರಟರೆ ಮಾತ್ರ ತೊಡಕು. ಆ ಕಾಲದಲ್ಲಿ ಹಳ್ಳಿಗಾಡಿನಿಂದ ದೂರದ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬರೆಸಿ ಕಾಯಬೇಕಾಗಿತ್ತು. ಆರ್ಡಿನರಿ, ಅರ್ಜೆಂಟ್, ಲೈಟನಿಂಗ್ ಎಂದು ಅದರಲ್ಲಿ ಮೂರು ತರಗತಿ. ಲೆಕ್ಕ ಮೂರು ಮೂರು ನಿಮಿಷಕ್ಕೆ. ‘ಮೂರು ನಿಮಿಷ ಆಯಿತು, ಮುಂದುವರಿಸಲೇ?’ ಎಂದು ಆಪರೇಟರು ನಡುವೆ ಬಾಯಿ ಹಾಕಿದರೆ ಮನುಷ್ಯರ ಮಾತಿಗೆ ಬಾಧಕವಿಲ್ಲ. ಮೋಡೆಮಿನ ಸಾಲು ಅಲ್ಲಿಗೆ ಕೆಟ್ಟುಹೋದಂತೆಯೇ. ಮನೆಗಣಕ ಏಕೆ ಹಳ್ಳಿಗೆ ಬರಲಿಲ್ಲವೆಂದು ಕೇಳುವವರು ಯಂತ್ರದ ಬೆಲೆಯನ್ನೇ ಹೇಳುತ್ತಾರೆ. ನನಗೆ ತೋರುವಂತೆ ತಂತಿಯದೇ ದೊಡ್ಡ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ನಮ್ಮ ಸೀಮೆಯಲ್ಲೇ ಆರಂಭವಾಯಿತು. ಕಿತ್ತೂರು ಎಂದೊಡನೆ ಎಲ್ಲರಿಗೂ ಚೆನ್ನಮ್ಮ ರಾಣಿಯ ನೆನಪಾಗುವುದು, 1824ರ ಅಕ್ಟೋಬರದ ಕಾಳಗದ ನೆನಪಾಗುವುದು ಸಹಜ. ಅದೇ ಕಿತ್ತೂರು, ಆಗ ಬೈಲಹೊಂಗಲ ತಾಲೂಕಿನಲ್ಲಿದ್ದಾಗ, 1986ರ ಜುಲೈಯಲ್ಲಿ ಇನ್ನೊಂದು ಚರಿತ್ರೆಗೆ ಬಾಗಿಲು ತೆರೆಯಿತು. ಸಿ-ಡಾಟ್ ಎಂಬ ಸರಕಾರಿ ಸಂಶೋಧನ ಸಂಸ್ಥೆಯು ತಯಾರಿಸಿದ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ವಿನಿಮಯ ಕೇಂದ್ರದ ಮೊದಲ ಯಂತ್ರವನ್ನು ಸ್ಥಾಪಿಸಿದ್ದು ಅಲ್ಲಿ. ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ 1984ರ ಆಗಸ್ಟಿನಲ್ಲಿ ಹುಟ್ಟಿದ ಸಂಸ್ಥೆ ಅದು. ಕೊಟ್ಟ ಅವಧಿ 36 ತಿಂಗಳು, ಕೊಟ್ಟ ಹಣ 36 ಕೋಟಿ ರೂಪಾಯಿ. ದೆಹಲಿಯಲ್ಲೂ ಬೆಂಗಳೂರಿನಲ್ಲೂ ತರುಣ ಎಂಜಿನಿಯರರು ಹಗಲಿರುಳು ದುಡಿದರು.

ಯಂತ್ರ ಚಿಕ್ಕದು, 128 ಜೋಡಣೆಗಳದು. ಅದರ ಹೆಚ್ಚುಗಾರಿಕೆ ಬೇರೆಯೇ. ಪರದೇಶದಿಂದ ತರಿಸಿದ ದೊಡ್ಡ ವಿದ್ಯುನ್ಮಾನ ಕೇಂದ್ರಗಳಿಗೆ ಹವಾನಿಯಂತ್ರಣದ ಕೋಣೆ ಬೇಕು, ಧೂಳು ಕೂಡದು. ಬೇಸಿಗೆಯಲ್ಲಿ ನಮ್ಮ ಎರೆಹೊಲಗಳ ಮೇಲಿನ ಗಾಳಿ ಎಂಥದೆಂದು ಬಲ್ಲವರಿಗೆ ಈ ನಿಬಂಧನೆಯ ಅರ್ಥ ಹೇಳಬೇಕಿಲ್ಲ. ಕಿತ್ತೂರಿನ ಯಂತ್ರ ಹವಾನಿಯಂತ್ರಣವಿಲ್ಲದೆ, ಬರಿಯ ಗಾಳಿಯ ಓಡಾಟದಿಂದಲೇ ತಣ್ಣಗಿರುವಂತೆ ರಚಿತವಾಗಿತ್ತು. ಇನ್ನೊಂದು ಮಾತು: ಅದು ಸ್ವತಃ ಒಂದು ಗಣಕ. ಸ್ಮರಣೆಯಲ್ಲಿ ಬರೆದಿಟ್ಟ ತಂತ್ರಾಂಶದಂತೆ ಕರೆಗಳನ್ನು ಕೂಡಿಸುತ್ತಿತ್ತು. ಮಾತಾಡುವವರ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕೆಗಳಾಗಿ ಮಾಡುತ್ತಿತ್ತು. ಮನೆಗಣಕದ ಅಂಕೆಯನ್ನು ಮೋಡೆಮ್ ಸ್ವರವಾಗಿಸುವುದು, ಆ ಸ್ವರವನ್ನು ವಿನಿಮಯ ಕೇಂದ್ರ ಮತ್ತೆ ಅಂಕೆಯಾಗಿಸುವುದು! ಸುತ್ತುಬಳಸಿನ ದಾರಿಯೇ ಸರಿ, ಆದರೆ ದಾರಿ. ಈ ಬಗೆಯ ಯಂತ್ರಗಳು ಮುಂದೆ ಸಾವಿರಗಟ್ಟಲೆ ಹಳ್ಳಿಗಳಿಗೆ ಹೋದವು. ಎಸ್‌ಟಿಡಿ ಎಂದು ಬರೆದ ಹಳದಿ ಹಲಗೆಯ ಅಂಗಡಿಗಳು ಅವುಗಳ ಬೆನ್ನಿಗೇ ಬಂದವು.

ಅಂತರಜಾಲ ಸಾರ್ವಜನಿಕರಿಗೆ ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ, ಮಹಾನಗರಗಳಲ್ಲಿ. ಅಗ್ಗದ ದರ್ಜೆಯ ಚಂದಾದಾರರಿಗೆ ಚಿತ್ರಗಳಿಲ್ಲ, ಬರಿಯ ಅಕ್ಷರಗಳು. ಹಳೆಯ ಮನೆಗಣಕಕ್ಕೆ ಅದೇ ಅನುಕೂಲ. ಅಕ್ಷರಗಳನ್ನು ಕಳಿಸುವ, ತೋರಿಸುವ ಪುಟ್ಟ ತಂತ್ರಾಂಶವಿದ್ದರೆ ಹತ್ತು ವರುಷ ಹಿಂದಿನ ಯಂತ್ರವೂ ಜಾಲದಲ್ಲಿ ಸಲ್ಲುತ್ತಿತ್ತು. ಹಳ್ಳಿಯವರಿಗೆ ಆಗ ತಂತಿಯಿತ್ತು, ಆದರೆ ಜಾಲದ ಬಾಗಿಲು ದೂರದ ನಗರದಲ್ಲಿ. ಅಲ್ಲಿಗೆ ಮಾಡಿದ ಕರೆಗೆ ಮೀಟರು ಓಡುತ್ತಲೇ ಇರುತ್ತಿತ್ತು. ರಾತ್ರಿ ದರ ಇಳಿಯುವವರೆಗೆ ಕಾಯುವುದು ಒಂದೇ ಉಪಾಯ.

ಈಗ ಹಳೆಯ ಯಂತ್ರವನ್ನು ಅಟ್ಟದಿಂದ ಇಳಿಸಿ ಮತ್ತೆ ಜಾಲಕ್ಕೆ ಕೂಡಿಸುವ ಹವ್ಯಾಸಿಗಳು ಲೋಕದೆಲ್ಲೆಡೆ ಇದ್ದಾರೆ. ಟೇಪಿನ ಬದಲು ಮೊಬೈಲಿನ ಕಿವಿತಂತಿಯಿಂದ ಅದೇ ಗರಗರ ಸದ್ದನ್ನು ನುಡಿಸಿ ತಂತ್ರಾಂಶ ತುಂಬುತ್ತಾರೆ. ಮೋಡೆಮಿಗೆ ಮಾತ್ರ ಹಳೆಯ ಹಾದಿ ಸಾಗದು: ಮೊಬೈಲು ದನಿಯನ್ನು ಹಿಂಡಿ ಕಳಿಸುವುದರಿಂದ ಅದರ ಸ್ವರಗಳು ಕೆಡುತ್ತವೆ. ಆದಕಾರಣ ಮೋಡೆಮಿನ ವೇಷ ಹಾಕಿದ ಚಿಕ್ಕದೊಂದು ವೈ-ಫೈ ಹಲಗೆಯನ್ನು ಕೂಡಿಸುತ್ತಾರೆ. ಗಣಕ ತಾನು ಟೆಲಿಫೋನು ತಿರುಗಿಸುತ್ತಿದ್ದೇನೆಂದೇ ತಿಳಿದಿರುತ್ತದೆ. ಇಂದಿನ ಜಾಲಪುಟಗಳ ಬೀಗ ತೆಗೆಯುವ ಶಕ್ತಿ ಅದಕ್ಕಿಲ್ಲ. ನಡುವೆ ಹೊಸ ಗಣಕವೊಂದು ಪುಟವನ್ನು ತಂದು, ಸರಳ ಅಕ್ಷರ ಮಾಡಿ ಕೊಡಬೇಕು.

ಕನ್ನಡದ ಪ್ರಶ್ನೆ ಆಗ ಮತ್ತೆ ಎದುರಾಗುತ್ತದೆ. 1991ರ ಯೂನಿಕೋಡ್ ಪಟ್ಟಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಇಂದು ಜಾಲದಲ್ಲಿ ನಮ್ಮ ಒಂದೊಂದು ವರ್ಣವೂ ಮೂರು ಬೈಟುಗಳಾಗಿ ಸಂಚರಿಸುತ್ತದೆ. ಅದನ್ನು ಹಾಗೆಯೇ ಸ್ಪೆಕ್ಟ್ರಮಿಗೆ ಕೊಟ್ಟರೆ ಆ ಸಂಖ್ಯೆಗಳನ್ನು ಅದು ತನ್ನ ಅಪ್ಪಣೆಗಳ ಹೆಸರೆಂದು ಓದಿಕೊಳ್ಳುತ್ತದೆ. ‘ಕ’ ಎಂದರೆ ಪರದೆಯ ಮೇಲೆ ಮೂಡುವುದು ‘ಎಲ್‌ಪ್ರಿಂಟ್’, ‘ಸೈನ್’ ಎಂಬೆರಡು ಶಬ್ದ, ಕೊನೆಗೊಂದು ಎಫ್ ಅಕ್ಷರ. ಕನ್ನಡವನ್ನು ಕನ್ನಡವಾಗಿ ಕಾಣಬೇಕಾದರೆ ಬೈಟುಗಳನ್ನು ಕೂಡಿಸಿ, ಒಂದೊಂದು ಅಕ್ಷರವನ್ನೂ ಚುಕ್ಕೆಗಳ ಚಿತ್ರವಾಗಿ ಬರೆಯುವ ತಂತ್ರಾಂಶ ಬೇಕು. 48 ಕಿಲೋಬೈಟಿನಲ್ಲಿ ಅದಕ್ಕೆ ಜಾಗ ಧಾರಾಳವಾಗಿದೆ. ‘ಕಟಕೋಳ’ ಎಂಬ ಹೆಸರಿಗೆ ಒಟ್ಟು 15 ಬೈಟುಗಳು. 300ರ ವೇಗದ ಆ ಹಳೆಯ ಮೋಡೆಮಿನಲ್ಲಿಯೂ ಅದು ಅರ್ಧ ಸೆಕೆಂಡಿನಲ್ಲಿ ಬಂದು ಮುಟ್ಟುತ್ತದೆ.