ಕೂಲಿಮಠ: ಶಿಷ್ಯರು ಮತ್ತು ಮನೆತನಗಳು

ಕೂಲಿಮಠವು 19ನೆಯ ಶತಮಾನದಲ್ಲಿ ಕನ್ನಡ ನಾಡಿನ ಹಳ್ಳಿಯ ಮಕ್ಕಳಿಗೆ ಓದುಬರಹ, ಲೆಕ್ಕ ಕಲಿಸುತ್ತಿದ್ದ ಖಾಸಗಿ ಶಾಲೆ. ಪಾಠ ಹೇಳುವ ಗುರುವನ್ನು ಐಗಳು ಎನ್ನುತ್ತಿದ್ದುದರಿಂದ ಐಗಳ ಮಠವೆಂದೂ ಇದಕ್ಕೆ ಹೆಸರು. ಶಾಲೆಗೆಂದೇ ಕಟ್ಟಿದ ಕಟ್ಟಡ ಅಪರೂಪ. ಗುಡಿಯ ಪಡಸಾಲೆ, ಊರ ಮಠ, ಉಳ್ಳವರ ಜಗುಲಿ ಅಥವಾ ಐಗಳ ಮನೆಯಲ್ಲೇ ಪಾಠ ನಡೆಯುತ್ತಿತ್ತು. ಶಿಷ್ಯರ ಮನೆಯವರು ಕೊಡುವ ಕೂಲಿ, ಕಾಳು, ಹಬ್ಬದ ಕಾಣಿಕೆಗಳೇ ಐಗಳ ಜೀವನಾಧಾರ. ಹೀಗಾಗಿ ಯಾರು ಓದಬೇಕು, ಎಷ್ಟು ವರ್ಷ ಓದಬೇಕು ಎಂಬುದು ಬಹುಮಟ್ಟಿಗೆ ಮನೆತನದ ಸ್ಥಿತಿಯನ್ನೇ ಅವಲಂಬಿಸಿತ್ತು.

ಬಳ್ಳಾರಿಯ ವರದಿ

ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರ ಜೂನ್‌ನಲ್ಲಿ ದೇಶೀ ಶಾಲೆಗಳ ಲೆಕ್ಕ ತೆಗೆಸಲು ಮುಂದಾದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ಉತ್ತರ ಕಲೆಕ್ಟರುಗಳ ಉತ್ತರಗಳಲ್ಲಿ ಬಹಳ ವಿವರವಾದದ್ದು. ಅನಂತಪುರವೂ ಸೇರಿದ್ದ ಅಂದಿನ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು ಕಲಿಸುತ್ತಿದ್ದರು. ಹುಡುಗಿಯರು 60 ಮಂದಿ ಮಾತ್ರ. ಹಿಂದೂ ಹುಡುಗರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರೆಂದು ನಮೂದಾದವರು 2,998, ಇತರ ಜಾತಿಯವರು 1,174.

ಅದೇ ವರದಿಯ ಪ್ರಕಾರ ಮಗುವಿಗೆ ಐದು ವರ್ಷ ತುಂಬಿದಾಗ ತಂದೆತಾಯಿಗಳು ಗುರುವನ್ನೂ ಶಾಲೆಯ ಮಕ್ಕಳನ್ನೂ ಮನೆಗೆ ಕರೆಸುತ್ತಿದ್ದರು. ಗಣಪತಿಯ ಮುಂದೆ ಕುಳಿತ ಮಗುವಿನ ಕೈ ಹಿಡಿದು ಗುರು ಅಕ್ಕಿಯಲ್ಲಿ ಅಕ್ಷರ ಬರೆಸಿ, ಶಕ್ತ್ಯನುಸಾರ ಕಾಣಿಕೆ ಪಡೆಯುತ್ತಿದ್ದ. ಶಾಲೆಯಲ್ಲಿ ಮರಳಿನ ಮೇಲೆ ಬರಹ ಕಲಿಯುವ ಕಿರಿಯರಿಗೆ ಹಿರಿಯ ಶಿಷ್ಯರೇ ಪಾಠ ಹೇಳುತ್ತಿದ್ದರು. ಓದುವ ಗ್ರಂಥಗಳಲ್ಲೂ ಮನೆತನದ ಗುರುತಿತ್ತು: ರಾಮಾಯಣ, ಮಹಾಭಾರತ, ಭಾಗವತ ಸಾಮಾನ್ಯ ಪಠ್ಯವಾದರೆ, ಲಿಂಗಾಯತ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನೂ ಕುಶಲಕರ್ಮಿಗಳ ಮಕ್ಕಳು ವಿಶ್ವಕರ್ಮ ಪುರಾಣವನ್ನೂ ಓದುತ್ತಿದ್ದರು. ಅನುಕೂಲಸ್ಥರ ಮಕ್ಕಳು ಹದಿನಾಲ್ಕು ಹದಿನೈದು ವರ್ಷ ಓದಿದರೆ, ಬಡವರ ಮಕ್ಕಳನ್ನು ಐದು ವರ್ಷದ ಓದಿಗೇ ಬಿಡಿಸುವುದಿತ್ತು. ಯುರೋಪಿನ ಬಟ್ಟೆ ಬಂದು ನೇಕಾರರ ಆದಾಯ ಕುಸಿದದ್ದು, ನಾಡು ಬಡವಾದದ್ದು ಶಾಲೆಗಳ ಇಳಿಮುಖಕ್ಕೆ ಕಾರಣವೆಂದು ಕ್ಯಾಂಪ್‌ಬೆಲ್ ಸ್ಪಷ್ಟವಾಗಿ ಬರೆದ. ಸರ್ಕಾರದ ನೆರವು ಒಂದು ಶಾಲೆಗೂ ಇರಲಿಲ್ಲ.

ಮನೆಪಾಠದ ಪ್ರಶ್ನೆ

ಶಾಲೆಗೆ ಹೋಗದೆ ಮನೆಯಲ್ಲೇ ಹಿರಿಯರಿಂದಲೋ ಖಾಸಗಿ ಗುರುವಿನಿಂದಲೋ ಕಲಿತವರ ಸಂಖ್ಯೆ ವಿವಾದದ ವಿಷಯ. ಕೆನರಾ ಕಲೆಕ್ಟರ್, ತನ್ನ ಜಿಲ್ಲೆಯಲ್ಲಿ ಶಿಕ್ಷಣ ಬಹುಪಾಲು ಖಾಸಗಿಯಾಗಿಯೇ ನಡೆಯುವುದರಿಂದ ಶಾಲೆಗಳನ್ನು ಎಣಿಸಿದರೆ ತಪ್ಪು ಚಿತ್ರ ಸಿಗುತ್ತದೆಂದು ಅಂಕಿಅಂಶವನ್ನೇ ಕಳಿಸಲಿಲ್ಲ. ಮದ್ರಾಸ್ ನಗರದಲ್ಲಿ ಮನೆಪಾಠದವರು ಶಾಲೆಯವರ ಸುಮಾರು ಐದು ಪಟ್ಟು ಎಂಬ ಲೆಕ್ಕ ಬಂದಾಗ, 1826ರಲ್ಲಿ ಮನ್ರೋ ಅದರಲ್ಲಿ ದೋಷವಿರಬಹುದೆಂದು ಶಂಕಿಸಿದ. ಆದರೂ ಮನೆಪಾಠವನ್ನು ಸೇರಿಸಿದರೆ ಇಡೀ ಪ್ರಾಂತದಲ್ಲಿ ಶಿಕ್ಷಣ ಪಡೆಯುವ ಗಂಡುಮಕ್ಕಳು ಮೂರರಲ್ಲೊಂದು ಪಾಲಿಗೆ ಹತ್ತಿರವೆಂದು ಅಂದಾಜಿಸಿದ. 1931ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ದೇಶೀ ಶಿಕ್ಷಣದ ಅವನತಿಯ ಬಗ್ಗೆ ಮಾತನಾಡಿದಾಗ ಬ್ರಿಟಿಷ್ ಶಿಕ್ಷಣತಜ್ಞ ಫಿಲಿಪ್ ಹಾರ್ಟಾಗ್ ಆಧಾರ ಕೇಳಿದರು. ಇತಿಹಾಸಕಾರ ಧರಂಪಾಲ್ 1983ರಲ್ಲಿ ಕಲೆಕ್ಟರುಗಳ ಪತ್ರಗಳನ್ನು ಪ್ರಕಟಿಸಿದ ಬಳಿಕ ಚರ್ಚೆಗೆ ಮೂಲ ದಾಖಲೆಗಳು ಸುಲಭವಾಗಿ ದೊರೆತವು. ಆದರೆ ಶಾಲೆಯ ಪಟ್ಟಿಗಳು ಎಣಿಸಿದ್ದು ಮಕ್ಕಳ ತಲೆಗಳನ್ನು. ಅಣ್ಣತಮ್ಮಂದಿರು, ದಾಯಾದಿಗಳು ಒಟ್ಟಿಗೆ ಓದಿದರೇ ಎಂಬುದು ಅವುಗಳಿಂದ ತಿಳಿಯುವುದಿಲ್ಲ.

ನವರಾತ್ರಿಯ ಸಂಚಾರ

ಶಿಷ್ಯರೊಡನೆ ಐಗಳು ಮನೆಮನೆಗೆ ಹೋಗುವ ಪದ್ಧತಿ ಶಾಲೆಗೂ ಮನೆಗಳಿಗೂ ಇದ್ದ ನಂಟನ್ನು ವರ್ಷಕ್ಕೊಮ್ಮೆ ನವೀಕರಿಸುತ್ತಿತ್ತು. ಮಹಾನವಮಿಯಲ್ಲಿ ಮಕ್ಕಳು ಚೌಪದಿ ಹಾಡಿ ಪಡೆದ ಕಾಣಿಕೆ ಐಗಳಿಗೆ ಸಲ್ಲುತ್ತಿತ್ತು. ನವರಾತ್ರಿಯಲ್ಲಿ ಮನೆಮನೆಗೆ ಹೋಗುವ ಕರಾವಳಿಯ ಹೂವಿನಕೋಲು ಕೂಡ ಐಗಳ ಮಠಗಳೊಡನೆ ಬೆಳೆದ ಆಚರಣೆ.

ಅವಸಾನ

ಭಾರತದ ಶಿಕ್ಷಣ ನೀತಿಯ ಬಗ್ಗೆ ಲಂಡನ್ನಿನಿಂದ ಬಂದ 1854ರ ವುಡ್ ನಿರೂಪದ (ಡಿಸ್‌ಪ್ಯಾಚ್) ನಂತರ ಸರ್ಕಾರಿ ಶಾಲೆಗಳು ಹೆಚ್ಚಿದವು. ಮೈಸೂರಿನಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದ. ಮುದ್ರಿತ ಪಠ್ಯ, ತರಬೇತಿ ಪಡೆದ ಉಪಾಧ್ಯಾಯರು, ಸರ್ಕಾರದ ಸಂಬಳ ಬಂದಂತೆ ಪಾಠದ ಮೇಲೆ ಮನೆತನಗಳಿಗಿದ್ದ ಹಿಡಿತ ಸಡಿಲವಾಯಿತು. ಕೂಲಿಮಠಗಳು ಕ್ರಮೇಣ ಕಡಿಮೆಯಾಗಿ, 20ನೆಯ ಶತಮಾನದ ಮೊದಲ ದಶಕಗಳವರೆಗೆ ಕೆಲವು ಊರುಗಳಲ್ಲಿ ಉಳಿದಿದ್ದವು.